ಕೈ ಬಿಟ್ಟರೆ ಕೂಗು

ಸಿತ್ರಾದ ಗೋದಾಮು, ಮೂರನೆಯ ಕೋಲ್ಡ್ ರೂಮು.
ಹೊರಗೆ ಸಂಜೆ ಏಳಕ್ಕೂ ಮೂವತ್ತೆಂಟು ಡಿಗ್ರಿ,
ಸಮುದ್ರದ ಉಸಿರು ಕಟ್ಟಿದ ಕನ್ನಡಕವನ್ನು
ಅಂಗಿಯ ತುದಿಯಲ್ಲಿ ಒರೆಸಿ ಒರೆಸಿ ಸಾಕಾಗಿದೆ.
ಒಳಗೆ ಇನ್ಸುಲಿನ್ ಪೆಟ್ಟಿಗೆಗಳು,
ಎರಡರಿಂದ ಎಂಟರ ನಡುವೆ ಮಾತ್ರ ಬದುಕುವ ಜಾತಿ.

ಅಕ್ಕಿಕಾಳಿನಷ್ಟು ಚಿಪ್ಪು ನೀನು.
ಚಿಪ್ಪು ಬಿಡಿಸಿ ಬಾಳಿದ ದ್ವೀಪ ಇದು;
ನಿನ್ನೊಳಗೆ ಮುತ್ತಿಲ್ಲ,
ಎರಡು ಅಂಕಿ ಬರೆಯುವಷ್ಟು ಜಾಗ ಇದೆ.
ಕಾರ್ಖಾನೆಯವರು ಹೇಳಿ ಕಳಿಸಿದ್ದು ಒಂದೇ:
ಎಂಬತ್ತಕ್ಕೆ ಕೂಗು.
ಎಂಬತ್ತಕ್ಕೆ ಕೂಗಿದರೆ ಕೇಳಲು ಇಲ್ಲಿ
ಔಷಧವೂ ಇರುವುದಿಲ್ಲ, ಕಾವಲಿನವನೂ ಇರುವುದಿಲ್ಲ.

ಹಿಂದೆ ಬಂದವನು ಏಳಕ್ಕೆ ಇಳಿಸಿದ್ದ, ಸರಿ.
ಆದರೆ ಮೇಲಿನ ಮಿತಿಗೂ ಕೆಳಗಿನದಕ್ಕೂ ಕೂದಲೆಳೆ ಅಂತರ.
ಬಾಗಿಲು ತೆರೆದರೆ ಕೂಗು, ಮುಚ್ಚಿದರೆ ಮೌನ,
ಕಂಪ್ರೆಸರ್ ಕೆಮ್ಮಿದರೆ ಕೂಗು,
ತೋಳ ಬಂತು ತೋಳ ಎಂದು
ಬೆಳಗಿನ ತನಕ.
ಖೀಮ್‌ಲಾಲ್ ಹನ್ನೊಂದು ರಾತ್ರಿ ಸಹಿಸಿದ.
ಹನ್ನೆರಡನೆಯ ರಾತ್ರಿ ನೇಲ್ ಕಟರ್ ತಂದು
ಹಳದಿ ತಂತಿ ಕತ್ತರಿಸಿದ.
ನಿದ್ದೆ ಬಂತು.
ಕಂಪ್ರೆಸರ್ ನಿಂತ ರಾತ್ರಿಯೂ ಬಂತು.
ನಲವತ್ತು ಪೆಟ್ಟಿಗೆ.
ಯಾರೂ ಬೈಯಲಿಲ್ಲ, ಸಂಬಳದಲ್ಲಿ ಹಿಡಿದರು.

ಅದಕ್ಕೇ ನಾನು ಬಂದದ್ದು.
ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟು
ಮೇಲಿನ ಮಿತಿಗೆ ನೂರ ಹನ್ನೆರಡು ಬರೆಯುತ್ತೇನೆ:
ಡಿಗ್ರಿಗೆ ಹದಿನಾರು ಮೆಟ್ಟಿಲು ನಿನ್ನ ಲೆಕ್ಕ, ಅಂದರೆ ಏಳು.
ಕೆಳಗಿನದಕ್ಕೆ ಎಂಬತ್ತು, ಅಂದರೆ ಐದು.
ಏಳಕ್ಕೆ ಸಿಟ್ಟು ಬಂದರೆ ಐದಕ್ಕಿಳಿಯುವ ತನಕ ಇಟ್ಟುಕೋ,
ಆರಕ್ಕೇ ಒಲಿದುಬಿಡಬೇಡ.
ನಾಲ್ಕು ಸಲ ಅಳೆದು
ನಾಲ್ಕೂ ಸಲ ಬಿಸಿಯಾದರೆ ಮಾತ್ರ ಬಾಯಿ ತೆಗೆ;
ಮಾತು ಆಡಿದರೆ ಹೋಯಿತು ಎಂಬುದು
ಮುತ್ತಿನ ಊರಲ್ಲಿ ನಿನಗೂ ಗೊತ್ತಿರಲಿ.
ಒಮ್ಮೆ ಕೂಗಿ, ಯಾರೋ ಓದಿದರೆಂದು ಸುಮ್ಮನಾಗುವ
ಇನ್ನೊಂದು ಕ್ರಮವೂ ನಿನಗೆ ಬರುತ್ತದೆ.
ಅದು ಬೇಡ. ಅದು ಆಫೀಸಿನವರ ಕ್ರಮ.

ಎಂಟಕ್ಕೆ ಖೀಮ್‌ಲಾಲ್ ಕರಕ್ ಚಹಾ ತಂದ.
ಫೋನೆತ್ತಿ ಒಂದೇ ರಿಂಗ್ ಕೊಟ್ಟು ಇಟ್ಟ.
‘ಬಾಗ್ಲುಂಗ್‌ಗೆ. ಮಗಳಿಗೆ. ಅಲ್ಲೀಗ ಹತ್ತೂಮುಕ್ಕಾಲು.’
ಎತ್ತಲಿಲ್ಲವಲ್ಲ?
‘ಎತ್ತಬಾರದು ಸಾಬ್. ದಿನಾ ಒಂದು ರಿಂಗ್ ಬಂತೋ,
ಅಪ್ಪ ಇದ್ದಾನೆ.
ಬರಲಿಲ್ಲವೋ, ಆಗ ಅಳು ಅಂದಿದ್ದೇನೆ.’

ಚಹಾ ಕೈಯಲ್ಲೇ ಆರಿತು.
ನಿನ್ನ ಅಲಾರಂ ಕಾಲಿಗೆ ತಂತಿಯನ್ನು ಮೇಲೆತ್ತಲು ಬಾರದು,
ಕೆಳಗೆಳೆಯಲು ಬರುತ್ತದೆ, ಅಷ್ಟೇ.
ಎತ್ತುವುದು ಆಚೆ ತುದಿಯ ಒಂದು ರೆಸಿಸ್ಟರ್.
ಇಷ್ಟು ದಿನ ನೀನು ಎಳೆದರೆ ಅಪಾಯ, ಬಿಟ್ಟರೆ ಕ್ಷೇಮ.
ತಂತಿ ಕಡಿದರೂ ಬಿಟ್ಟಂತೆಯೇ ಕಾಣುತ್ತಿತ್ತು.

ಒಂದು ಬಿಟ್. ಸೊನ್ನೆಯಿದ್ದಲ್ಲಿ ಒಂದು.
ಈಗ ಕ್ಷೇಮವಿರುವಷ್ಟು ಹೊತ್ತೂ
ನೀನು ಎಳೆದು ಹಿಡಿದಿರಬೇಕು.
ಬಿಸಿಯಾಗಿ ಕೈ ಬಿಟ್ಟರೆ,
ಯಾರಾದರೂ ಆ ಕೈಯನ್ನೇ ಕತ್ತರಿಸಿದರೆ,
ಕೂಗು.
ಕರೆಂಟು ಹೋಗಿ ಬಂದಾಗ ನೀನು ಎಲ್ಲ ಮರೆತು
ಮತ್ತೆ ಎಂಬತ್ತು ಎನ್ನುವವನು, ಗೊತ್ತು;
ಎದ್ದಾಗಲೆಲ್ಲ ಪಾಠ ಒಪ್ಪಿಸಿಕೊಳ್ಳಲು
ಪಕ್ಕದ ಕಂಟ್ರೋಲರಿಗೆ ಹೇಳಿದ್ದೇನೆ.

ಖೀಮ್‌ಲಾಲನ ಕೈಗೆ ಕಟರ್ ಕೊಟ್ಟೆ. ಕತ್ತರಿಸು.
‘ಸಾಬ್, ಮತ್ತೆ ಸಂಬಳ...’
ಕತ್ತರಿಸು.
ಗೋದಾಮಿನ ಬೆಕ್ಕುಗಳೆಲ್ಲ ದಿಕ್ಕಾಪಾಲು.
ಅವನು ಕಿವಿ ಮುಚ್ಚಿಕೊಂಡು ನಕ್ಕ,
ಮುಂದಿನ ಒಂದು ಹಲ್ಲು ಇರಲಿಲ್ಲ.

ರಿಪೋರ್ಟಿನಲ್ಲಿ ‘ಬದಲಾವಣೆಗೆ ಕಾರಣ’ ಎರಡು ಬೆರಳಗಲ.
ತಂತಿ ಕಡಿದರೆ ತಿಳಿಯಲು, ಎಂದು ಬರೆದೆ.
ಯಾರು ಹೇಳಿಕೊಟ್ಟದ್ದು ಎಂಬುದಕ್ಕೆ ಕಾಲಮ್ಮು ಇರಲಿಲ್ಲ.
ತಂತಿ ಬೆಸೆದು ಹೊರಬಿದ್ದಾಗ ಒಂಬತ್ತೂವರೆ,
ಕನ್ನಡಕ ಮತ್ತೆ ಮಂಜು.
ಬಾಗ್ಲುಂಗ್‌ನಲ್ಲಿ ಯಾರೂ ಅಳುತ್ತಿರಲಿಲ್ಲ.