ಏಳನೆಯ ಕೈಸರ್

ನಮ್ಮಲ್ಲಿ ನಾಯಿ ಸತ್ತರೂ ಹೆಸರು ಸಾಯುವುದಿಲ್ಲ.
ಮುತ್ತಜ್ಜ ಮಲ್ಪೆಯ ಹಂಚಿನ ಕಾರ್ಖಾನೆಯಲ್ಲಿ
ಮಣ್ಣು ಮೆಟ್ಟುತ್ತಿದ್ದ ಕಾಲಕ್ಕೆ
ಜರ್ಮನಿಯ ದೊರೆಯ ಬಾಯಲ್ಲಿ ಕೇಳಿ
ಒಣಮೀನಿನ ಜೊತೆ ಕಟ್ಟಿಕೊಂಡು ಬಂದದ್ದು: ಕೈಸರ್.
ಇವನು ಏಳನೆಯವನು.
ಒಂದು ಕಿವಿ ಅರ್ಧವೇ. ಅದು ಹಂದಿಯ ಲೆಕ್ಕ,
ಇನ್ನೂ ಚುಕ್ತಾ ಆಗಿಲ್ಲ.

ಕೆಡ್ಡಸದ ಹಿಂದಿನ ರಾತ್ರಿ ಅಪ್ಪ ನಾಯಿಗಳಿಗೆ ಅನ್ನ ಹಾಕುವುದಿಲ್ಲ.
ಹೊಟ್ಟೆ ತುಂಬಿದ ಮೂಗಿಗೆ ಊರೆಲ್ಲ ಒಂದೇ ವಾಸನೆಯಂತೆ.
ಅಕ್ಕಿ ಹುರಿಯುತ್ತಿದ್ದ ನಾನು
ಬಾಗಿಲ ಸಂದಿಯಿಂದ ಒಂದು ಹಿಡಿ ಎಸೆಯುತ್ತೇನೆ.
ಬೊಳ್ಳ ಗಾಳಿಯಲ್ಲೇ ಹಿಡಿಯುತ್ತಾನೆ.
ಅಪ್ಪನಿಗೆ ಗೊತ್ತು.
ಕೆಮ್ಮುತ್ತಾನೆ, ಅಷ್ಟೆ.

ಈ ಮೂರು ದಿನ ಭೂಮಿ ಹೊರಗೆ ಕೂತಿದ್ದಾಳೆ.
ನೇಗಿಲು ಮೂಲೆಗೆ, ಹಾರೆ ಅಟ್ಟಕ್ಕೆ,
ಹಸಿರೆಲೆ ಮುರಿಯುವಂತಿಲ್ಲ.
ಕೈ ಖಾಲಿಯಾದ ಗಂಡಸರು ನಾಯಿ ಬಿಚ್ಚಿಕೊಂಡು
ಬೋಂಟೆಗೆ ಹೊರಡುತ್ತಾರೆ.
ಅವಳ ನೆತ್ತರಿನ ದಿನವೇ
ಇವರಿಗೂ ಯಾಕೆ ನೆತ್ತರು ಬೇಕಾಯಿತೆಂದು
ಅಜ್ಜಿಯನ್ನು ಕೇಳಿದ್ದೆ.
ಅಜ್ಜಿ ಎಲೆಅಡಿಕೆ ಉಗಿದು ಬಂದು
ಬೇರೇನೋ ಮಾತಾಡಿದಳು.

ಆ ವರ್ಷ ಕೋವಿಗಳು ಠಾಣೆಯಲ್ಲಿದ್ದವು, ಚುನಾವಣೆ.
ಕಾನೂನು ಬಂದು ಅದಾಗಲೇ ಎಷ್ಟೋ ಕಾಲ.
ಆದರೂ ಹೋಗದಿದ್ದರೆ ಹೇಗೆ ಮಾರಾಯ, ಎಂದ ಗುರಿಕಾರ ಸಂಕಪ್ಪಣ್ಣ.
ಹಗ್ಗ ಹಿಡಿಯಲು ಜನ ಸಾಲದೆ ನನ್ನನ್ನೂ ಕರೆದರು.
ದೂಮ, ಲಾದ್ರು, ಲಾದ್ರುವಿನ ಭಾವ,
ಐದು ನಾಯಿ, ಒಂದು ಕೊಂಬು,
ಒಂದು ಬಾಟಲಿ (ಅದರಲ್ಲಿ ಮಜ್ಜಿಗೆ ಎಂದರು).

ಕುದ್ಕೆಪದವಿನ ಮೇಲೆ ಮುಳಿಹುಲ್ಲು ಎದೆಯುದ್ದ.
ಗೇರು ಹೂ ಬಿಟ್ಟಿತ್ತು; ನಾಯಿಗಳು ಸೀನಿದವು.
ಪಡುವಣಕ್ಕೆ ಕಡಲು, ಒರೆಸದೆ ಇಟ್ಟ ಕಂಚಿನ ಹರಿವಾಣ.
ಮೊದಲು ಬೊಳ್ಳ ಸದ್ದು ಮಾಡಿದ. ಬೊಗಳಲ್ಲ,
ಗಂಟಲಲ್ಲೇ ಒಂದು ದಾರ ಎಳೆದ ಹಾಗೆ.
ಆಮೇಲೆ ಎಲ್ಲವೂ.
ಹಗ್ಗ ನನ್ನ ಅಂಗೈ ಸುಟ್ಟು ಹೋಯಿತು.

ಬೆಳಿಗ್ಗೆ ನರಿಯ ಮುಖ ನೋಡಿದರೆ ಅದೃಷ್ಟ ಎನ್ನುತ್ತಾರೆ.
ನಾನು ನೋಡಿದೆ.
ಅದು ಓಡುತ್ತಿದ್ದರೂ ಅವಸರವಿರಲಿಲ್ಲ;
ಬಸ್ಸು ತಪ್ಪದು ಎಂದು ಗೊತ್ತಿದ್ದವರ ನಡಿಗೆ.
ಒಮ್ಮೆ ತಿರುಗಿತು. ಹೊಟ್ಟೆ ಜೋತಿತ್ತು.
ಪತ್ತ್! ಪತ್ತ್! ದೂಮನ ಸ್ವರ ಒಡೆಯಿತು,
ಕೊಂಬು ಎಲ್ಲೋ ತಪ್ಪು ದಿಕ್ಕಿನಿಂದ ಕೂಗಿತು,
ಹಳೆಯ ಕಲ್ಲುಕೋರೆಯ ಅಂಚು,
ಒಂದು ಕೆಂಪು ಬಾಲ,
ಮತ್ತೆ ಏನೂ ಇಲ್ಲ.

ಬಿಲ.
ಕೊಡದ ಬಾಯಿಯಷ್ಟು ಅಗಲ.
ನಾಯಿಗಳು ಸುತ್ತ ನಿಂತು ಏದುತ್ತಿದ್ದವು.
ಕೈಸರ್ ಮಾತ್ರ ಮೊಣಕಾಲೂರಿ
ಎರಡೂ ಕೈಯಲ್ಲಿ ಮುರಮಣ್ಣು ಕೆರೆಯತೊಡಗಿದ,
ಹಿಂದಕ್ಕೆ ಚಿಮ್ಮಿದ ಮಣ್ಣು ನನ್ನ ಲಂಗಕ್ಕೆ.
ಹಾರೆ ತರುತ್ತೇನೆ, ಅರ್ಧ ಗಂಟೆ, ಎಂದ ಲಾದ್ರುವಿನ ಭಾವ.

ಅಪ್ಪ ಓಡಿಬಂದು ಕುತ್ತಿಗೆಯ ಚರ್ಮ ಹಿಡಿದು
ಕೈಸರನನ್ನು ಮಗುವಿನಂತೆ ಮೇಲಕ್ಕೆತ್ತಿದ.
"ಇವತ್ತು ನೆಲ ಅಗೆಯುವಂತಿಲ್ಲ."
ನಾಯಿಗೆ ಹೇಳಿದನೋ ಭಾವನಿಗೋ.
ಗಾಳಿಯಲ್ಲೂ ಕೈಸರನ ಕೈಗಳು ಅಗೆಯುತ್ತಲೇ ಇದ್ದವು.
ಸಂಕಪ್ಪಣ್ಣ ಆಕಾಶ ನೋಡಿದ, ಗಡ್ಡ ಕೆರೆದ,
ಬೀಡಿ ಹಚ್ಚಿದ. "ಅದು ಹೌದು," ಎಂದ.

ಮುದರಂಗಡಿಯಿಂದ ಎರಡು ಬ್ರಾಯ್ಲರ್ ಕೋಳಿ ತಂದರು.
ಬಾಳೆಲೆ ಮುರಿಯುವಂತಿಲ್ಲ; ಹಳೆಯ ಪೇಪರಿನ ಮೇಲೆ ಪಾಲು.
ಎಬ್ಬಿಸಿದವನಿಗೆ, ಅಡ್ಡಗಟ್ಟಿದವನಿಗೆ,
ಕೊಂಬಿನವನಿಗೆ, ಜಾಗದ ಧಣಿಗೆ ತಲೆ;
ಕೋಳಿಯ ತಲೆ, ಧಣಿ ಮುಂಬಯಿಯಲ್ಲಿ.
ನಾಯಿಪಾಲು ಎಂದಾಗ ಯಾರೂ ನಗಲಿಲ್ಲ.
ಹಗ್ಗ ಹಿಡಿದವಳಿಗೆ ಎಂದು ಒಂದು ರೆಕ್ಕೆ ಬಂತು.

ಮರುದಿನ ಅಮ್ಮ ಅಂಗಳದಲ್ಲಿ ಭೂಮಿಗೆ ಎಣ್ಣೆ ಎರೆದಳು,
ಅರಿಶಿನ, ಕುಂಕುಮ, ಹುರಿದಕ್ಕಿ, ಬಾಚಣಿಗೆ.
ಬಾಟಲಿಯಲ್ಲಿ ಎರಡು ಬೆರಳು ಉಳಿದಿತ್ತು.
ಅಪ್ಪ ಕಂಬಕ್ಕೆ ಒರಗಿ, ನನ್ನ ಮುಖ ನೋಡದೆ,
"ಅಲ್ಲಿ ಕೆರೆದಲ್ಲಿ ಸ್ವಲ್ಪ ಹಾಕಿ ಬಾ.
ಅದು ಗಂಡಸರು ಹಾಕುವುದಲ್ಲ."

ಹೋದೆ. ಕೈಸರನೂ ಬಂದ, ಹಗ್ಗವಿಲ್ಲದೆ,
ದೂರ ನಿಂತ.
ಕೆಂಪು ಮಣ್ಣಿನ ಮೇಲೆ ಉಗುರಿನ ಗೆರೆಗಳು.
ಎಣ್ಣೆ ಸುರಿದೆ. ಕೂಡಲೇ ಕುಡಿಯಿತು.
ಒಳಗಿಂದ ಹೊಲಸು ವಾಸನೆ, ಬೆಚ್ಚಗೆ.
ಇನ್ನಷ್ಟು ಬಗ್ಗಿ ಕಿವಿ ಕೊಟ್ಟೆ.
ಹಿಂದಿನಿಂದ ಕೈಸರ್ ಒಂದೇ ಒಂದು ಸಲ
ಬಾಯಿ ತೆರೆದು
ಆಕಳಿಸಿದ.