ಪೂರಾ ತೋಳು

ಎರಡನೇ ಶನಿವಾರ, ನಾಲ್ಕನೇ ಶನಿವಾರ
ಹುಮನಾಬಾದ ಬಸ್‌ಸ್ಟ್ಯಾಂಡಿನ್ಯಾಗ
ಭಾಲ್ಕಿ ಬಸ್ ನಿಂದರೋ ಕಂಬದ ಬಲ್ಲಿ
ವೈಜೂನ ಕೈ ನನ್ನ ಕೈಯಿಂದ ಆಕಿ ಕೈಗೆ ಹೋಗ್ತದ.
ಇವರು ಬರಾಂಗಿಲ್ಲ. 'ನೀನೇ ಬಿಟ್ಟು ಬಾ' ಅಂತಾರ,
ಪೇಪರಿನ ಹಿಂದಿಂದ.

ಮೂರು ವರ್ಷದಾಗ ನಾವಿಬ್ಬರೂ ಮಾತಾಡಿದ್ದು
ಒಂದು ಪೋಸ್ಟ್‌ಕಾರ್ಡಿನಷ್ಟು:
ಉಂಡಾನ? ಉಂಡಾನ.
ಕೆಮ್ಮಿನ ಔಷಧ ಚೀಲದಾಗ ಅದ.
ನಾಳೆ ಐದರ ಬಸ್ಸಿಗೆ.

ನಾನು ಹೊಲಿಗಿ ಮಷಿನ್ನಿನಾಕಿ.
ಮಾರಿ ಆಮ್ಯಾಲ ನೋಡ್ತೀನಿ, ಮೊದಲು ತೋಳು, ಕೊರಳು, ಬೆನ್ನು.
ಮೊದಲ ವರ್ಷ ಜಗದೇವಿ ತೋಳು ನಾಲ್ಕು ಇಂಚು,
ಹೊಸ ಲಗ್ನದ ಮೈ ಕಾಣಂಗ.
ಆಮ್ಯಾಲ ಮೊಳಕೈ ತನಕ.
ಈ ವರ್ಷ ಮೇ ತಿಂಗಳಾಗ,
ಡಾಂಬರು ಚಪ್ಪಲಿಗೆ ಹತ್ತೋ ಬಿಸಲಾಗ,
ಮಣಿಕಟ್ಟಿನ ತನಕ.
'ಈಗ ಇದೇ ಫ್ಯಾಷನ್' ಅಂದಳು.
ನಾ ಏನೂ ಕೇಳಿದ್ದಿಲ್ಲ.

ಖರೇ ಹೇಳ್ತೀನಿ,
ಧನರಾಜ ಕುಡದು ಬಂದು ತಾಟು ಒಗದಾನಂತ
ವೈಜು ಮೊದಲ ಸಲ ಅಂದಾಗ
ಚಾದಾಗ ಒಂದು ಚಮಚ ಸಕ್ರಿ ಜಾಸ್ತಿ ಹಾಕ್ಕೊಂಡಿದ್ದೆ.
ಈ ಮನ್ಯಾಗ ಆಕಿ ರೊಟ್ಟಿ ಇನ್ನಾ ತೆಳ್ಳಗ ಅದ.
ಉಪ್ಪಿನ ಡಬ್ಬಿ ನಾ ಎಲ್ಲಿ ಸರಿಸಿಟ್ರೂ
ಅತ್ತಿ ಕೈ ಆಕಿ ಇಟ್ಟ ಜಾಗಕ್ಕೇ ಹೋಗ್ತದ.
ಅಂಥಾಕಿ ಮುಂದೂ ಒಂದು ತಾಟು ಬೀಳಲಿ ಅನಿಸಿತ್ತು.

ಆಮ್ಯಾಲ ಒಂದಿನ ಇವರು
ಫ್ಯಾನಿನ ಸ್ವಿಚ್ಚಿಗಂತ ಕೈ ಎತ್ತಿದ್ರು.
ಕೆಳಗ ಲೆಕ್ಕ ಮಾಡ್ಕೋತ ಕುಂತ ಹುಡುಗ
ತಲಿ ಮ್ಯಾಲ ನೋಟ್‌ಬುಕ್ಕು ಹಿಡಕೊಂಡ.
ಫ್ಯಾನು ತಿರಗ್ತು. ಇವರು ನೋಡಲಿಲ್ಲ.
ಆ ಒಂದು ಚಮಚ ಸಕ್ರಿ ನನ್ನ ಗಂಟಲದಾಗ ಇನ್ನಾ ಅದ.

ಆಕಿ ಯಾಕ ಹೋದಳಂತ ಇವರನ್ನ ಒಂದೇ ಸಲ ಕೇಳೀನಿ.
'ಆಕಿಗೆ ಮಾತು ಬೇಕಿತ್ತು' ಅಂದ್ರು.
ಮುಂದ ಏನೂ ಅನಲಿಲ್ಲ.
ಅಷ್ಟರಾಗೇ ನನಗೂ ತಿಳೀತು.
ನಾನೂ ಈ ಮನ್ಯಾಗ
ಮಷಿನ್ ಜೋರಾಗಿ ತುಳಿಯೋದು ಕಲ್ತೀನಿ.
ಧನರಾಜ ಮಾತುಗಾರ. ಲಾರಿ ಬುಕಿಂಗ್ ಆಫೀಸು.
ಹಿಂದಿ, ಮರಾಠಿ, ತೆಲುಗು, ನಮ್ಮದು,
ನಾಲ್ಕರಾಗೂ ನಗಿಸ್ತಾನಂತ.
ಮಾತು ಬೇಕಂತ ಹೋದಾಕಿಗೆ
ಮಾತು ಸಿಕ್ಕವು, ಕೈಕಾಲು ಇದ್ದಂಥವು.

ಹೋದ ಭಾನುವಾರ ವೈಜೂನ ಚೀಲದಾಗ
ಗಣಿತದ ಪುಸ್ತಕದ ಕೆಳಗ ಒಂದು ಜಂಪರ್ ಪೀಸು,
ಬದನಿಕಾಯಿ ಬಣ್ಣದ್ದು. ಅಳತಿಗೊಂದು ಹಳೇ ಜಂಪರು.
'ಅವ್ವ ಪೂರಾ ತೋಳು ಅಂದಾಳ.
ಚಿಗವ್ವಗ ಅಷ್ಟೇ ಹೇಳು ಅಂದಾಳ.'
ಹುಮನಾಬಾದದಾಗ ಓಣಿಗೊಬ್ಬ ಟೇಲರ್ ಅದಾನ.

ರಾತ್ರಿ ಹಳೇ ಜಂಪರಿನ ಒಳಮೈ ಹೊರಳಿಸಿದೆ.
ಬಲಗಡಿ ಕಂಕುಳ ಹೊಲಿಗಿ ಹೋಗಿ, ಮತ್ತ ಕೈಲೇ ಹಾಕಿದ್ದು.
ಸವದು ಹರದಿದ್ದು ಬ್ಯಾರೆ, ಎಳದು ಹರದಿದ್ದು ಬ್ಯಾರೆ.
ನನಗ ತಿಳೀಲಂತ ಕಳಿಸ್ಯಾಳ.
ಇಲ್ಲಾ, ಬರೇ ನನ್ನ ಹೊಲಿಗಿ ಚಲೋ ಅಂತ ಕಳಿಸ್ಯಾಳ.
ಎರಡೂ ಇರಬಹುದು.
'ಯಾರ ಬಟ್ಟಿ ಅದು?' ಇವರು, ನಿದ್ದಿಗಣ್ಣಾಗ.
'ಗಿರಾಕೀದು.'

ಕತ್ತರಿ ಹಿಡಕೊಂಡು ಭಾಳ ಹೊತ್ತು ಕುಂತೆ.
ಪೂರಾ ಹೊಲದ್ರ ನಾನೂ ಮುಚ್ಚಿದಂಗ.
ಗಿಡ್ಡ ಹೊಲದ್ರ ಆಕಿನ್ನ ಬಸ್‌ಸ್ಟ್ಯಾಂಡಿನ್ಯಾಗ ಬಿಚ್ಚಿ ನಿಂದರಿಸಿದಂಗ.
ಕಡೀಗೆ ಪೂರಾನೇ ಹೊಲದೆ.
ಅಂಚು ಮಡಚೋ ಮುಂದ, ಎಡಗೈ ಮಣಿಕಟ್ಟಿನ ಒಳಗ,
ಅದೇ ಬಣ್ಣದ ನೂಲಿನಾಗ
ಹತ್ತು ಅಂಕಿ ಹಾಕಿದೆ.
ಇವರ ನಂಬರ್ ಆಕಿ ಬಲ್ಲಿ ಮೊದಲಿಂದ ಅದ. ನನ್ನದಿರಲಿಲ್ಲ.

ಶನಿವಾರ, ಅದೇ ಕಂಬ.
'ಎಷ್ಟಾತು?'
'ಮೊದಲು ಹಾಕ್ಕೊಂಡು ನೋಡ್ರಿ. ಬಿಗಿ ಆದ್ರ
ಒಳಗ ಬಟ್ಟಿ ಬಿಟ್ಟೀನಿ, ಬಿಚ್ಚಬಹುದು.'
ನಮ್ಮ ನಡುವ ಇಷ್ಟುದ್ದ ಮಾತು ಇದೇ ಮೊದಲು.
ಆಕಿ ಅಂಚಿನ ಮ್ಯಾಲ ಹೆಬ್ಬೆರಳು ಆಡಿಸಿದಳು,
ಗಂಟು ಹತ್ತಿತೋ ಏನೋ, ಅಲ್ಲೇ ನಿಂದರಿಸಿದಳು.
ಆಮ್ಯಾಲ, ನಾ ಕೇಳದನೇ,
'ಅವ ಸೋಲಾಪುರಕ್ಕ ಹೋಗ್ಯಾನ. ಮಂಗಳವಾರ ಬರ್ತಾನ.'

ಅದಕ್ಕ
ವೈಜೂನ ಕೈ ಬಿಟ್ಟೆ.