ಗಾಜೊರೆಸುವವನ ಲೆಕ್ಕ

ಸಂಜೆ ಆರಕ್ಕೆ ಬಾಗಿಲು ಹಾಕಿದ ಮೇಲೆ
ಗಾಜು ಒರೆಸುವುದು ನನ್ನ ಕೆಲಸ.
ಸೆತುಬಲ್ಲಿನ ಈ ಹಳೆಯ ಬೂತಾಯಿ ಕಾರ್ಖಾನೆ
ಮ್ಯೂಸಿಯಂ ಆಗಿ ನಾಲ್ಕು ವರ್ಷ;
ಗೋಡೆಗೆ ಎಷ್ಟು ಸುಣ್ಣ ಬಳಿದರೂ
ಸೆಕೆಯ ದಿನ ಇಟ್ಟಿಗೆ ಮೀನು ಬೆವರುತ್ತದೆ.

ಒರೆಸುವ ಮೊದಲು ದೀಪ ಓರೆಯಾಗಿ ಹಿಡಿದು ನೋಡುತ್ತೇನೆ:
ಎಲ್ಲಿ ಜಿಡ್ಡು ಹೆಚ್ಚೋ ಅಲ್ಲಿ ಕಥೆ ಓಡಿದೆ.
'ಮುಷ್ಕರ' ಎಂಬ ಗುಂಡಿಯ ಮೇಲೆ ಹೆಬ್ಬೆರಳುಗಳ ನೂಕುನುಗ್ಗಲು.
'ಕೂಲಿಯ ವಿವರ'ದ ಮೇಲೆ ಒಂದೇ ಒಂದು,
ಅದೂ ಕೈ ಜಾರಿ ಬಿದ್ದದ್ದು.
ಕೆಳಗೆ, ಸೊಂಟಕ್ಕಿಂತ ಕೆಳಗೆ,
ಚಾಕೊಲೇಟಿನ ಐದು ಬೆರಳು: ಯಾವುದನ್ನೂ ಆರಿಸದೆ
ಎಲ್ಲವೂ ಒಟ್ಟಿಗೆ ಬೇಕೆಂದ ಒಬ್ಬ ಓದುಗ.
ಕಚೇರಿಯವರು ತಿಂಗಳಿಗೊಮ್ಮೆ ಯಂತ್ರದಿಂದ ಅಂಕಿ ತೆಗೆಯುತ್ತಾರೆ.
ನನ್ನ ಬಟ್ಟೆಯನ್ನು ಯಾರೂ ಕೇಳಿಲ್ಲ.

ಮಾರ್ಚಿನಲ್ಲಿ ಬಂದಳು ಝುಲ್ಮೀರಾ.
ಎಂಬತ್ತೊಂದು. ಮೈಮೇಲೆ ಮೊಮ್ಮಗಳ ಕೋಟು.
ಹನ್ನೆರಡಕ್ಕೇ ಇಲ್ಲಿ ನಿಂತು
ತಲೆ ಕೊಯ್ದು, ಕರುಳು ಕಿತ್ತು, ಡಬ್ಬಿಗೆ ಐದರಂತೆ
ಅತ್ತ ಒಂದು ಇತ್ತ ಒಂದು ಮಲಗಿಸಿದವಳು.
ಗಾಜಿನ ಮೇಲೆ ಬರೆದಿತ್ತು: 'ಮುಟ್ಟಿ, ಕಥೆ ಶುರುವಾಗುತ್ತದೆ.'
ಮುಟ್ಟಿದಳು.
ಶುರುವಾಗಲಿಲ್ಲ.
ಒತ್ತಿದಳು. ಕೋಟಿಗೆ ಉಜ್ಜಿಕೊಂಡು ಮತ್ತೆ ಒತ್ತಿದಳು.
ನಲವತ್ತು ವರ್ಷದ ಉಪ್ಪುನೀರು ತಿಂದ ಬೆರಳತುದಿ
ಗೆರೆ ಅಳಿಸಿ, ಜಡ್ಡುಗಟ್ಟಿ, ಬೆಣಚುಕಲ್ಲಿನಷ್ಟು ಒಣಗಿ
ಗಾಜಿಗೆ ಅದು ಬೆರಳೆಂದೇ ಅನ್ನಿಸಲಿಲ್ಲ.
ಅರ್ಧ ನಿಮಿಷ ಕಾದು, ಎದುರಿಗೆ ಯಾರೂ ಇಲ್ಲವೆಂದು ತೀರ್ಮಾನಿಸಿ
ಪರದೆ ಮೊದಲ ಚಿತ್ರಕ್ಕೆ ಮರಳಿತು.
ಮೊದಲ ಚಿತ್ರದಲ್ಲಿ ಅವಳೇ ಇದ್ದಳು.
ಬಲದಿಂದ ಮೂರನೆಯವಳು.

ನನ್ನ ಬೆರಳು ಕೊಡಹೋದೆ.
'ಬೇಡ ಬಿಡು,' ಎಂದಳು. 'ನನ್ನ ಕಥೆಗೆ ನಿನ್ನ ಬೆರಳೇಕೆ?'

ಇದನ್ನೆಲ್ಲ ಕಟ್ಟಿದ ಇರಿಯಾ ಕಂಬದ ಹಿಂದಿದ್ದಳು;
ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಆಕಳಿಸುತ್ತಾರೆ
ಎಂದು ಪುಟ್ಟ ಪುಸ್ತಕದಲ್ಲಿ ಗೀಚುವವಳು.
ಆ ದಿನ ಏನೂ ಗೀಚಲಿಲ್ಲ.
ಪೆನ್ಸಿಲ್ ಕಚ್ಚಿಕೊಂಡೇ ಮನೆಗೆ ಹೋದಳು.

ಮೂರು ವಾರ ಕೋಣೆಗೆ ಬೀಗ. ತೆರೆದಾಗ
ಗಾಜಿಲ್ಲ. ಒಂದು ತಗಡಿನ ಮೇಜು,
ಮೇಲಿನಿಂದ ಇಳಿಬಿಟ್ಟ ಹಗ್ಗ.
ಎಳೆದರೆ ಕಾರ್ಖಾನೆಯ ಸೈರನ್.
ಮೊದಲು ಎಳೆಯಲು ಝುಲ್ಮೀರಾಳನ್ನೇ ಕರೆಸಿದರು.
ಎಳೆದಳು. ಕೇಳಿದಳು. ಮುಖ ಸಿಂಡರಿಸಿದಳು.
'ಇದು ನಮ್ಮದಲ್ಲ, ಆಚೆ ಕೇರಿಯವರದು.
ನಮ್ಮದು ನಡುವೆ ಒಡೆಯುತ್ತಿತ್ತು.'
ಬಾಯಿಗೆ ಅಂಗೈ ಕೊಟ್ಟು ಕೂಗಿ ತೋರಿಸಿದಳು,
ನೆಗಡಿ ಹಿಡಿದ ಕೋಣದಂಥ, ಕೊನೆಗೆ ಎರಡಾಗಿ ಸೀಳುವ ದನಿ.
'ದೋಣಿ ಬಂದದ್ದೇ ಹೊತ್ತು. ರಾತ್ರಿ ಎರಡಾದರೂ
ಮಗುವಿನ ಬಾಯಿಂದ ಮೊಲೆ ಬಿಡಿಸಿ ಓಡಬೇಕು.
ಹನ್ನೊಂದು ಕಾರ್ಖಾನೆ, ಹನ್ನೊಂದು ಕೂಗು.
ನಿದ್ದೆಯಲ್ಲೂ ನಮ್ಮದು ಯಾವುದೆಂದು ಕಾಲಿಗೆ ಗೊತ್ತು.'

ಈಗ ಹಗ್ಗ ಎಳೆದರೆ ಅವಳ ಗಂಟಲು.
ಇರಿಯಾ ಇನ್ನೂ ಒಂದು ಮಾಡಿದಳು: ಯಾರೂ ಎಳೆಯದಿದ್ದರೂ
ಹೊತ್ತುಗೊತ್ತಿಲ್ಲದೆ ಅದು ತಾನೇ ಕೂಗುತ್ತದೆ.
ನೂರು ಎಣಿಸುವಷ್ಟು ಹೊತ್ತು ಮೇಜಿನ ಮೇಲೆ ದೀಪ.
ಓಡಿಬಂದವರಿಗೆ ಕಥೆ; ತಡವಾದವರಿಗೆ ಕತ್ತಲೆ.
ಕೆಲವರು ದೂರು ಬರೆದರು.
ಲಿಸ್ಬನ್ನಿನ ಒಬ್ಬ ವಕೀಲ ಕಾಫಿ ಚೆಲ್ಲಿಕೊಂಡು ಓಡಿದ,
ಏದುಸಿರು ಬಿಡುತ್ತ ಗುರುತಿಲ್ಲದ ಹೆಂಗಸರ ನಡುವೆ ನಿಂತು
ಖಾಲಿ ಡಬ್ಬಿಯಲ್ಲಿ ಮರದ ಮೀನು ಜೋಡಿಸಿದ.
ಐದು. ಅತ್ತ ಒಂದು ಇತ್ತ ಒಂದು.

ಕಚೇರಿಯವರಿಗೆ ಫಜೀತಿ: ಹಗ್ಗ ಲೆಕ್ಕ ಇಡುವುದಿಲ್ಲ.
ನನಗೂ ಕೆಲಸ ಕಡಿಮೆ. ಒರೆಸುವಂಥದ್ದಲ್ಲ ಅದು;
ಕೈ ಹಿಡಿಯುವಲ್ಲಿ ಗೇಣುದ್ದ ಕಪ್ಪಾಗಿ
ಬೆಕ್ಕಿನ ಕಿವಿಯಂತೆ ಮೆತ್ತಗಾಗಿದೆ.
ಬದಲಿಸೋಣವೇ ಎಂದೆ. ಇರಿಯಾ ಮೂಸಿ ನೋಡಿ
ಬೇಡ ಎಂದಳು.

ನಿನ್ನೆ ಬೀಗ ಹಾಕಿ ಸೈಕಲ್ ಹತ್ತುವಾಗ
ಒಳಗೆ, ಖಾಲಿ ಕೋಣೆಯಲ್ಲಿ, ಅದು ಕೂಗಿತು.
ಒಂದು ಕಾಲು ಪೆಡಲಿನ ಮೇಲಿತ್ತು.
ಇನ್ನೊಂದು ಆಗಲೇ ತಿರುಗಿತ್ತು.